ನೋಟದಲ್ಲಿ ಮನುಷ್ಯರಿರಲಿ

ನಮ್ಮ ಮನೆಗಳ ದಿನದರ್ಶಿಕೆಗಳಲ್ಲಿಯೂ ಮಠಗಳ ಸ್ಮರಣ ಸಂಚಿಕೆಗಳಲ್ಲಿಯೂ ಹೊಳೆ, ಗುಡ್ಡ, ಸೂರ್ಯಾಸ್ತಗಳ ಚಿತ್ರಗಳು ಧಾರಾಳ. ಮನುಷ್ಯರು ಮಾತ್ರ ವಿರಳ. ದಾರಿಹೋಕರು ಸರಿದ ಮೇಲೆಯೇ ಛಾಯಾಗ್ರಾಹಕನು ಗುಂಡಿಯೊತ್ತುತ್ತಾನೆ. ಕೆಲವೆಡೆ ಅದು ಸೊಗಸೇ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಮಾತ್ರ ಸಲ್ಲದು.

ಅಲ್ಲಿ ಕೃಷ್ಣೆಗೆ ಅಡ್ಡಲಾಗಿರುವ ಬ್ಯಾರೇಜು 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು ಕಟ್ಟಿದ್ದು. ಅದರ ಹೆಸರೇ ಶ್ರಮಬಿಂದು ಸಾಗರ. ಬರಿಯ ನೀರು, ಕಂಬಗಳನ್ನು ತೆಗೆದರೆ ಅದು ಯಾವ ಊರಿನ ಒಡ್ಡಾದರೂ ಆದೀತು. ಕಂಬದ ಬದಿಗೆ ರೈತನೊಬ್ಬ ನಿಂತರೆ ಎತ್ತರ ತಿಳಿಯುತ್ತದೆ. ಆತ ಅಂದು ಬುಟ್ಟಿ ಹೊತ್ತವನಾಗಿದ್ದರೆ ಚಿತ್ರಕ್ಕೆ ಬೇರೊಂದು ತೂಕವೇ ಬರುತ್ತದೆ. ನ್ಯಾಮಗೌಡರು 2018ರಲ್ಲಿ ನಿಧನರಾದರು. ಅಂದು ದುಡಿದವರಿಗೂ ಈಗ ವಯಸ್ಸಾಗಿದೆ.

ಬೀಳಗಿ ಕಡೆಯ ಹಿನ್ನೀರಿನ ಮಾತೂ ಅಷ್ಟೇ. ಆಲಮಟ್ಟಿ ಜಲಾಶಯವು 519.60 ಮೀಟರಿಗೆ ತುಂಬಿದಾಗ ಕಾಣುವುದು ಬೆಳ್ಳಗಿನ ವಿಸ್ತಾರ. ಅದರಡಿ ಹೊಲಮನೆ ಬಿಟ್ಟುಕೊಟ್ಟ ಅಜ್ಜಿ ದಂಡೆಯಲ್ಲಿ ನಿಂತಾಗಲೇ ಅದು ಊರಿನ ಚಿತ್ರ.

ತೆಗೆಯುವವರು ಮೊದಲು ಅಪ್ಪಣೆ ಕೇಳಬೇಕು. ಬಿಸಿಲೇರುವ ಮುನ್ನ, ಚೌಕಟ್ಟಿನ ತೀರ ಅಂಚಿಗಲ್ಲದೆ ನಿಲ್ಲಿಸಬೇಕು. ಅಗಲ ನೋಟದ ಮಸೂರವು ಅಂಚಿನ ದೇಹವನ್ನು ಜಗ್ಗಿ ತೋರಿಸುತ್ತದೆ. ಹೊಸ ಸೀರೆ ಉಡಿಸುವ ಸಂಭ್ರಮ ಬೇಡ. ಬನಹಟ್ಟಿಯ ನೇಕಾರನನ್ನು ಮಗ್ಗದಿಂದೆಬ್ಬಿಸಿ ಗುಡ್ಡಕ್ಕೆ ಕರೆದೊಯ್ಯುವುದೇಕೆ? ಮಗ್ಗದ ಸದ್ದಿನ ಓಣಿಯೇ ಅವನ ಭೂದೃಶ್ಯವಲ್ಲವೆ?

ಮೊಬೈಲಿನಲ್ಲಿ ತೆಗೆದುದನ್ನೂ ಒಂದು ಪ್ರತಿ ಮುದ್ರಿಸಿಕೊಂಡು, ಬೆನ್ನಿಗೆ ನಿಂತವರ ಹೆಸರು, ಊರು, ತಿಂಗಳು, ವರ್ಷ ಬರೆದಿಡಿರಿ.