ಪೇಟ ಯಾರ ತಲೆಗೆ?

ಮಕ್ಕಳೇ, ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನ ಎಂಬುದು ನಿಮಗೆಲ್ಲ ಗೊತ್ತು. 1928ರಲ್ಲಿ ಸಿ.ವಿ. ರಾಮನ್ ಅವರು 'ರಾಮನ್ ಪರಿಣಾಮ'ವನ್ನು ಪ್ರಕಟಿಸಿದ ದಿನದ ನೆನಪಿಗೆ 1987ರಿಂದ ಇದನ್ನು ಆಚರಿಸುತ್ತ ಬಂದಿದ್ದೇವೆ. ಆ ದಿನ ಅನೇಕ ಶಾಲೆಗಳಲ್ಲಿ ಒಂದು ಪುಟ್ಟ ನಾಟಕ ಇರುತ್ತದೆ. ಒಬ್ಬ ಹುಡುಗ ಕಾಗದದ ಪೇಟ ಇಟ್ಟುಕೊಂಡು, ಅಪ್ಪನ ಕೋಟು ತೊಟ್ಟು ಬರುತ್ತಾನೆ. "ನಾನು ರಾಮನ್. 1888ರಲ್ಲಿ ತಿರುಚಿನಾಪಳ್ಳಿಯಲ್ಲಿ ಹುಟ್ಟಿದೆ. 1930ರಲ್ಲಿ ನನಗೆ ನೊಬೆಲ್ ಪ್ರಶಸ್ತಿ ಬಂತು" ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಷ್ಟರಲ್ಲಿ ಹುಡುಗಿಯರು ರಂಗೋಲಿ ಹಾಕಿ, ಸ್ವಾಗತಗೀತೆ ಹಾಡಿ ಮುಗಿಸಿರುತ್ತಾರೆ.

ಇಂಥ ಹಲವು ನಾಟಕಗಳನ್ನು ನಾನು ನೋಡಿದ್ದೇನೆ. ಒಂದೆರಡನ್ನು ನಾನೇ ಬರೆದುಕೊಟ್ಟ ತಪ್ಪೂ ನನ್ನ ಮೇಲಿದೆ. ಅದು ನಾಟಕವಲ್ಲ, ಸಾಮಾನ್ಯ ಜ್ಞಾನದ ಉತ್ತರವನ್ನು ವೇಷ ಹಾಕಿಕೊಂಡು ಒಪ್ಪಿಸಿದಂತೆ. ನಾಟಕ ಎಂದರೆ ಅದರಲ್ಲಿ ಯಾರಿಗೋ ಏನೋ ಬೇಕಾಗಿರಬೇಕು, ಅದಕ್ಕೆ ಏನಾದರೂ ಅಡ್ಡ ಬರಬೇಕು. ಆಗ ಅವರೇನು ಮಾಡಿದರು ಎಂದು ನೋಡುವವರಿಗೆ ಕುತೂಹಲ ಹುಟ್ಟಬೇಕು. ಛಲದ ಬಗ್ಗೆ ನೂರು ಸಲ ಭಾಷಣ ಕೇಳುವುದಕ್ಕಿಂತ, 'ಇಲ್ಲ' ಎಂಬ ಮಾತನ್ನು ಒಮ್ಮೆ ಎದುರು ನಿಂತು ಕೇಳಿ ನೋಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ತಕ್ಕ ಕಥೆಯೊಂದು ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಅದರಲ್ಲೂ ರಾಮನ್ ಇದ್ದಾರೆ. ಆದರೆ ಅಲ್ಲಿ ಅವರು ಕಥಾನಾಯಕರಲ್ಲ.

1933ರಲ್ಲಿ ಕಮಲಾ ಭಾಗವತ್ ಎಂಬ ಯುವತಿ ಬೊಂಬಾಯಿಯಲ್ಲಿ ಬಿ.ಎಸ್ಸಿ. ಮುಗಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಬೇಕೆಂಬುದು ಅವರ ಆಸೆ. ಇದನ್ನೇ ಟಾಟಾ ಇನ್‌ಸ್ಟಿಟ್ಯೂಟ್ ಎಂದೂ ಕರೆಯುತ್ತಾರೆ. ಅವರ ತಂದೆ ಮತ್ತು ದೊಡ್ಡವರಾದ ಇನ್ನೊಬ್ಬ ಬಂಧು ಅಲ್ಲಿಯೇ ಓದಿದ ರಸಾಯನ ವಿಜ್ಞಾನಿಗಳು. ಮನೆಯಲ್ಲೇ ವಿಜ್ಞಾನದ ಮಾತು ಕೇಳಿ ಬೆಳೆದ ಕಮಲಾ ಅರ್ಜಿ ಹಾಕಿದರು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ರಾಮನ್. ಅವರು ಅರ್ಜಿಯನ್ನು ತಿರಸ್ಕರಿಸಿದರು. ಅಂಕ ಕಡಿಮೆ ಇತ್ತು ಎಂದಲ್ಲ, ಅರ್ಜಿ ಹಾಕಿದವರು ಹೆಣ್ಣು ಎಂದು!

ಕಮಲಾ ಬೆಂಗಳೂರಿಗೆ ಬಂದು ರಾಮನ್ ಅವರನ್ನೇ ಕಂಡರು. ಅದು ಗಾಂಧೀಜಿಯವರ ಕಾಲ. ಸೀಟು ಕೊಡುವವರೆಗೆ ಕಚೇರಿಯ ಮುಂದೆ ಸತ್ಯಾಗ್ರಹ ಮಾಡುವೆನೆಂದು ಅವರು ಪಟ್ಟು ಹಿಡಿದರು ಎನ್ನುತ್ತಾರೆ. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿದರು. ಮೊದಲ ಒಂದು ವರ್ಷ ಕಮಲಾ ರೂಢಿಯ ವಿದ್ಯಾರ್ಥಿ ಎಂದು ಲೆಕ್ಕಕ್ಕಿಲ್ಲ. ಗುರುಗಳು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಸಂಸ್ಥೆಯ ಗಂಡುಹುಡುಗರ ಗಮನ ಕೆಡಿಸಬಾರದು. ಒಂದು ವರ್ಷ ಹೇಗೆ ನಡೆಯುತ್ತದೋ ನೋಡಿ ಮುಂದಿನ ಮಾತು.

ಮೂರನೆಯ ಷರತ್ತನ್ನು ಇನ್ನೊಮ್ಮೆ ಓದಿ. ಗಮನ ಕೆಟ್ಟರೆ ಕೆಟ್ಟದ್ದು ಹುಡುಗರದು, ಅದಕ್ಕೆ ಹೊಣೆ ಮಾತ್ರ ಕಮಲಾ! ಇದು ತನಗಾದ ಅವಮಾನವೆಂದೇ ಅವರು ಮುಂದೆ, ಮುಪ್ಪಿನಲ್ಲಿಯೂ ಹೇಳಿದ್ದರು. ಆದರೂ ಆ ವರ್ಷ ದುಡಿದರು. ಶ್ರೀನಿವಾಸಯ್ಯ ಎಂಬ ಕಟ್ಟುನಿಟ್ಟಿನ ಗುರುಗಳ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ಬಗ್ಗೆ ಸಂಶೋಧನೆ ನಡೆಸಿದರು. ರಾಮನ್ ಕೆಲಸ ನೋಡಿ ಮೆಚ್ಚಿದರು. ಆಮೇಲೆ ಬೇರೆ ಹುಡುಗಿಯರಿಗೂ ಅಲ್ಲಿ ಬಾಗಿಲು ತೆರೆಯಿತು. ಮುಂದೆ ಕಮಲಾ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಜೀವಕೋಶಗಳ ಉಸಿರಾಟಕ್ಕೆ ಬೇಕಾದ 'ಸೈಟೋಕ್ರೋಮ್ ಸಿ' ಎಂಬ ವಸ್ತು ಆಲೂಗೆಡ್ಡೆಯಂಥ ಸಸ್ಯದಲ್ಲಿಯೂ ಇದೆ ಎಂದು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು. ಮದುವೆಯ ನಂತರ ಕಮಲಾ ಸೊಹೊನಿ ಎಂದು ಹೆಸರಾದರು. ನೀರಾ ಎಂಬ ಪಾನೀಯದ ಪೌಷ್ಟಿಕತೆಯ ಬಗ್ಗೆ ಅವರು ಮಾಡಿದ ಕೆಲಸಕ್ಕೆ ರಾಷ್ಟ್ರಪತಿಗಳ ಪ್ರಶಸ್ತಿ ಬಂತು.

ಈಗ ನಾಟಕಕ್ಕೆ ಬರೋಣ. ನೀವು ಎಲ್ಲಿಂದ ಶುರು ಮಾಡುತ್ತೀರಿ? ಪ್ರಶಸ್ತಿಯ ದೃಶ್ಯದಿಂದ ಬೇಡ. ಅದನ್ನು ಬಿಟ್ಟರೂ ನಡೆಯುತ್ತದೆ. ಅರ್ಜಿ ವಾಪಸ್ಸು ಬಂದ ದಿನ ಮನೆಯಲ್ಲಿ ಏನು ಮಾತಾಯಿತು? ನಿರ್ದೇಶಕರ ಕೋಣೆಯ ಹೊರಗೆ ಕಾಯುವಾಗ ಕಮಲಾಗೆ ಏನನ್ನಿಸಿತು? ಕೋಣೆಯೊಳಗೆ ಆಡಿದ ಮಾತುಗಳು ನಮ್ಮ ಬಳಿ ಇಲ್ಲ. ಅವನ್ನು ನೀವೇ ಕಟ್ಟಬೇಕು. ಬಾಯಿಪಾಠ ಬೇಡ. ಇಬ್ಬರು ಎದುರುಬದುರು ನಿಂತು ತೋಚಿದಂತೆ ವಾದಿಸಿ. ಮರುದಿನ ಇನ್ನಿಬ್ಬರು ವಾದಿಸಲಿ.

ಪಾತ್ರಗಳನ್ನು ಅದಲುಬದಲು ಮಾಡಿ ಎಂಬುದು ನನ್ನ ಮುಖ್ಯ ಸಲಹೆ. ರಾಮನ್ ಅವರ ಪೇಟ ಒಬ್ಬ ಹುಡುಗಿಗೆ ಕೊಡಿ. ಕಮಲಾ ಪಾತ್ರ ಒಬ್ಬ ಹುಡುಗನಿಗೆ. "ಛೆ, ಹುಡುಗ ಹುಡುಗಿಯ ಪಾತ್ರ ಮಾಡುವುದೇ?" ಎಂದು ಯಾರಾದರೂ ನಕ್ಕರೆ ಯಕ್ಷಗಾನ ನೆನಪಿಸಿ. ಅಲ್ಲಿ ಸ್ತ್ರೀವೇಷ ಹಾಕಿದ ಗಂಡಸರಿಗೆ ಊರೇ ಮರ್ಯಾದೆ ಕೊಡುತ್ತದೆ! ನಿಮ್ಮ ತರಗತಿಯ ಹುಡುಗನೊಬ್ಬ ನಿಂತುಕೊಂಡು, "ನಿನ್ನ ಅಂಕ ಚೆನ್ನಾಗಿದೆ, ಆದರೂ ನಿನಗೆ ಸೀಟಿಲ್ಲ" ಎಂಬ ಮಾತನ್ನು ಕೇಳಲಿ. ಏನು ಉತ್ತರ ಕೊಡುತ್ತಾನೋ ನೋಡೋಣ. ಹಾಗೆಯೇ 'ಇಲ್ಲ' ಎನ್ನುವವರ ಕುರ್ಚಿಯಲ್ಲಿ ಕುಳಿತ ಹುಡುಗಿಗೂ ಒಂದು ಸಂಗತಿ ತಿಳಿಯುತ್ತದೆ. ಅಲ್ಲಿ ಕುಳಿತವರಿಗೆ 'ಇಲ್ಲ' ಎನ್ನುವುದು ಬಹಳ ಸುಲಭ.

ರಾಮನ್ ಅವರನ್ನು ಮೀಸೆ ತಿರುವುವ ಖಳನಾಯಕನನ್ನಾಗಿ ಮಾತ್ರ ಮಾಡಬೇಡಿ. ಅವರು ನಿಜವಾಗಿಯೂ ದೊಡ್ಡ ವಿಜ್ಞಾನಿ. ಕಾಲದ ಜೊತೆ ತಾವೂ ತಪ್ಪಿದರು. ಕಣ್ಣೆದುರು ಸಾಕ್ಷಿ ಬಂದಾಗ ನಿಯಮ ಬದಲಿಸಿದರು. ಹಾಗೆಂದು ಪೂರ್ತಿ ಬದಲಾದರು ಎಂದೂ ತೋರಿಸಬೇಡಿ. ಮುಂದೆ ಅವರ ಪ್ರಯೋಗಾಲಯ ಸೇರಿದ ವಿದ್ಯಾರ್ಥಿನಿಯರು ಹುಡುಗರ ಜೊತೆ ಮಾತನಾಡುವುದು ಅವರಿಗೆ ಇಷ್ಟವಾಗುತ್ತಿರಲಿಲ್ಲ.

ಆ ವಿದ್ಯಾರ್ಥಿನಿಯರಲ್ಲಿ ಒಬ್ಬರ ಕಥೆಯನ್ನೂ ಹೇಳಲೇಬೇಕು. ಅವರು ಅಣ್ಣಾ ಮಣಿ. 1940ರಲ್ಲಿ ಬಂದು ವಜ್ರ ಮತ್ತು ಮಾಣಿಕ್ಯಗಳು ಹೊಮ್ಮಿಸುವ ಬೆಳಕನ್ನು ಅಧ್ಯಯನ ಮಾಡಿದರು. ಒಂದೊಂದು ಚಿತ್ರಕ್ಕೆ ಹದಿನೈದು ಇಪ್ಪತ್ತು ಗಂಟೆ ಕಾಯಬೇಕಿತ್ತು. ರಾತ್ರಿಯಿಡೀ ಅಲ್ಲೇ ಇರುತ್ತಿದ್ದರಂತೆ. ಐದು ಸಂಶೋಧನಾ ಲೇಖನಗಳನ್ನು ಬರೆದು ಪಿಎಚ್.ಡಿ.ಗೆ ಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಪಿಎಚ್.ಡಿ. ಸಿಗಲೇ ಇಲ್ಲ. ಛಲ ಇದ್ದವರಿಗೆಲ್ಲ ಕೊನೆಗೆ ಹಾರ ಬೀಳುತ್ತದೆ ಎಂದು ನಾಟಕಗಳು ಹೇಳುತ್ತವೆ. ಅಣ್ಣಾ ಮಣಿ ಅವರಿಗೆ ಬೀಳಲಿಲ್ಲ. ಅವರು ಹವಾಮಾನ ಇಲಾಖೆ ಸೇರಿ, ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ನಮ್ಮ ದೇಶದಲ್ಲೇ ತಯಾರಿಸುವ ಕೆಲಸಕ್ಕೆ ಕೈಹಾಕಿದರು. ಈ ಕಥೆಯನ್ನೂ ಆಡಿ ನೋಡಿ. ಹೇಗೆ ಮುಗಿಸಬೇಕೆಂದು ನೀವೇ ಜಗಳವಾಡುತ್ತೀರಿ. ಆ ಜಗಳ ಒಳ್ಳೆಯದು.

"ಪಾಠ ಮುಗಿಸಲೇ ಸಮಯವಿಲ್ಲ, ನಾಟಕ ಎಲ್ಲಿಂದ?" ಎಂದು ನಿಮ್ಮ ಮೇಷ್ಟ್ರು ಕೇಳಬಹುದು. ಅದೂ ನ್ಯಾಯವೇ. ಆದರೆ ಆಹಾರದ ಪಾಠ ಹೇಗೂ ಇದೆ. ನಾಟಕದ ನಡುವೆ ನಿಜವಾದ ಪ್ರಯೋಗವನ್ನೇ ಇಡಬಹುದಲ್ಲ! ಕಡಲೆಯನ್ನು ಪುಡಿ ಮಾಡಿ ಪ್ರನಾಳಕ್ಕೆ ಸ್ವಲ್ಪ ಹಾಕಿ. ಹತ್ತು ಹನಿ ನೀರು ಬೆರೆಸಿ. ಎರಡು ಹನಿ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ದ್ರಾವಣ ಬಿಡಿ. ಆಮೇಲೆ ಹತ್ತು ಹನಿ ಕಾಸ್ಟಿಕ್ ಸೋಡಾ ದ್ರಾವಣವನ್ನು ಮೇಷ್ಟ್ರೇ ಬಿಡಲಿ, ಏಕೆಂದರೆ ಅದು ಚರ್ಮವನ್ನು ಸುಡುತ್ತದೆ. ಅಲುಗಾಡಿಸಿ ಕೆಲವು ನಿಮಿಷ ಕಾಯಿರಿ. ನೇರಳೆ ಬಣ್ಣ ಬಂದರೆ ಪ್ರೋಟೀನು ಇದೆ ಎಂದರ್ಥ. ಮೈಲುತುತ್ತ ಹೆಚ್ಚಾದರೆ ನೀಲಿಯಲ್ಲಿ ನೇರಳೆ ಮರೆಯಾಗಿಬಿಡುತ್ತದೆ. ಎಲ್ಲರೆದುರು ಹಾಗಾದರೆ ನಾಟಕ ನಿಲ್ಲಿಸಬೇಡಿ. ಪ್ರನಾಳ ತೊಳೆದು ಮತ್ತೆ ಮಾಡಿ. ನೋಡುವವರು ಕಾಯಲಿ. ಕಮಲಾ ಅವರ ಆ ಒಂದು ವರ್ಷವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ದೃಶ್ಯ ನನಗೆ ತೋಚುತ್ತಿಲ್ಲ.

ನಾಟಕ ಮುಗಿದ ಮೇಲೆ ನಿಮ್ಮ ತರಗತಿಯನ್ನೇ ಒಂದು ವಾರ ಗಮನಿಸಿ. ಪ್ರಯೋಗದ ದಿನ ಪ್ರನಾಳ ಹಿಡಿಯುವವರು ಯಾರು? ದೂರ ನಿಂತು ನೋಟ್ಸ್ ಬರೆದುಕೊಳ್ಳುವವರು ಯಾರು? ಕೊನೆಗೆ ಮೇಜು ಒರೆಸಿ, ಕಸ ಗುಡಿಸುವವರು ಯಾರು? ಯಾರೂ 'ಇಲ್ಲ' ಎಂದಿರಲಿಕ್ಕಿಲ್ಲ. ಸುಮ್ಮನೆ ಹಾಗೆ ನಡೆದುಬಂದಿರುತ್ತದೆ. ಕಮಲಾಗೆ ಎದುರು ನಿಂತು ವಾದಿಸಲು ಒಬ್ಬ ನಿರ್ದೇಶಕರಾದರೂ ಇದ್ದರು. ಇಲ್ಲಿ ಯಾರ ಬಳಿ ಹೋಗಿ ವಾದಿಸುವುದು? ಬರೆದಿಟ್ಟುಕೊಂಡ ಪಟ್ಟಿಯನ್ನು ತರಗತಿಯಲ್ಲಿ ಓದಿ. ಮುಂದಿನ ಪ್ರಯೋಗಕ್ಕೆ ಸರದಿ ಬದಲಾಗಲಿ.

ಅಂದ ಹಾಗೆ, ಪೇಟವನ್ನು ಕಾಗದದಲ್ಲಿ ಮಾಡುವುದಾದರೆ ಎರಡು ಮೂರು ಮಾಡಿಟ್ಟುಕೊಳ್ಳಿ. ನಾಲ್ಕು ತಲೆ ದಾಟುವಷ್ಟರಲ್ಲಿ ಒಂದು ಹರಿದಿರುತ್ತದೆ.