ತಡವರಿಸುವ ಬ್ಯಾಟ್‌ಮ್ಯಾನ್

‘ಆಟ ಅದ್ಭುತ, ತಾಂತ್ರಿಕ ತೊಂದರೆ ಮಾತ್ರ ಸ್ವಲ್ಪ ಇದೆ.’ ವಿಡಿಯೋ ಗೇಮ್ ವಿಮರ್ಶೆಗಳಲ್ಲಿ ಈ ವಾಕ್ಯ ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಾಟಕ ಚೆನ್ನಾಗಿತ್ತು, ಮಾತು ಮಾತ್ರ ಕೇಳಿಸಲಿಲ್ಲ ಎಂದು ಯಾರಾದರೂ ಬರೆದರೆ ನಗುತ್ತೇವಲ್ಲವೇ?

‘ಬ್ಯಾಟ್‌ಮ್ಯಾನ್: ಆರ್ಖಮ್ ನೈಟ್’ ನಾನು ತುಂಬ ಪ್ರೀತಿಸುವ ಆಟ. ರಾಕ್‌ಸ್ಟೆಡಿ ಸ್ಟುಡಿಯೋದ್ದು. ಹ್ಯಾಲೋವೀನ್ ರಾತ್ರಿ, ಸ್ಕೇರ್‌ಕ್ರೋನ ವಿಷಾನಿಲಕ್ಕೆ ಹೆದರಿ ಜನ ಊರು ಬಿಟ್ಟಿದ್ದಾರೆ, ಖಾಲಿ ಗೋಥಮ್ ಮೇಲೆ ಮಳೆ. ಕಟ್ಟಡದ ತುದಿಯಿಂದ ಜಿಗಿದು, ಕೇಪ್ ಬಿಚ್ಚಿ ತೇಲುತ್ತ, ಕೆಳಗೆ ಓಡಿಬರುವ ಬ್ಯಾಟ್‌ಮೊಬೈಲಿನೊಳಕ್ಕೆ ನೇರ ಇಳಿಯುವ ಸುಖವನ್ನು ನಾನು ಲೆಕ್ಕವಿಲ್ಲದಷ್ಟು ಸಲ ಅನುಭವಿಸಿದ್ದೇನೆ. (ಟ್ಯಾಂಕ್ ಕಾಳಗ ಅತಿಯಾಯಿತು, ಅದು ಬೇರೆ ಜಗಳ.) ಆದರೆ ನಾನು ಆಡಿದ್ದು ವರ್ಷಗಳ ನಂತರ, ರಿಪೇರಿಯೆಲ್ಲ ಮುಗಿದ ಮೇಲೆ.

2015ರ ಜೂನ್ 23ರಂದು ಕೊಂಡವರ ಕಥೆ ಬೇರೆ. ಪಿಸಿ ಆವೃತ್ತಿ ಎಷ್ಟು ಮುಗ್ಗರಿಸುತ್ತಿತ್ತೆಂದರೆ ಮರುದಿನವೇ ವಾರ್ನರ್ ಬ್ರದರ್ಸ್ ಅದರ ಮಾರಾಟ ನಿಲ್ಲಿಸಿತು. ಅದು ಮತ್ತೆ ಅಂಗಡಿಗೆ ಬಂದದ್ದು ಅಕ್ಟೋಬರ್ 28ಕ್ಕೆ. ಆಮೇಲೂ ಹಣ ವಾಪಸ್ ಕೊಡಬೇಕಾಯಿತು. ಪಿಸಿಗೆ ಒಗ್ಗಿಸುವ ಕೆಲಸ ಹೊರಗಿನ ಸ್ಟುಡಿಯೋ ಒಂದಕ್ಕೆ ಹೋಗಿತ್ತು. ಅಲ್ಲಿನ ಎಂಜಿನಿಯರುಗಳ ಮೇಲೆ ನನಗೆ ಸಿಟ್ಟಿಲ್ಲ. ಬಿಡುಗಡೆಯ ದಿನಾಂಕ ಗೊತ್ತುಮಾಡುವವರು ಅವರಲ್ಲ.

‘ಕೊನೆಗೆ ಸರಿಮಾಡಿದರಲ್ಲ, ಕಥೆ ನೋಡಿ’ ಎನ್ನುವವರಿಗೆ ನನ್ನ ಉತ್ತರ ಹೊಡೆದಾಟದ ದೃಶ್ಯಗಳಲ್ಲಿದೆ. ಹತ್ತು ಜನ ಸುತ್ತುವರಿದಿರುತ್ತಾರೆ. ಒಬ್ಬನ ತಲೆಯ ಮೇಲೆ ಸೂಚನೆ ಮಿಂಚಿದ ಕ್ಷಣದಲ್ಲಿ ಗುಂಡಿ ಒತ್ತಬೇಕು. ಸುಮ್ಮನೆ ಕುಟ್ಟಿದರೆ ಸರಣಿ ಮುರಿಯುತ್ತದೆ. ಇದು ತಾಳದ ಆಟ. ಸೆಕೆಂಡಿಗೆ 30 ಚಿತ್ರಗಳಾದರೆ ಒಂದೊಂದಕ್ಕೆ ಸುಮಾರು 33 ಮಿಲಿಸೆಕೆಂಡು. ಸಮವಾಗಿ ಬಂದರೆ ಅದಕ್ಕೂ ಕೈ ಒಗ್ಗುತ್ತದೆ. ಒಂದು ಚಿತ್ರ ಸಮಯಕ್ಕೆ ಬಂದು ಮುಂದಿನದು ಅದರ ನಾಲ್ಕು ಪಟ್ಟು ತಡವಾದರೆ ಮಾತ್ರೆ ತಪ್ಪಿದಂತೆ. ಹಳಗನ್ನಡ ಕವಿಗಳು ಯತಿಯನ್ನು ಲೆಕ್ಕಿಸಲಿಲ್ಲ, ನಿಜ. ಆದರೆ ಎಲ್ಲಿ ಮೀರಬೇಕೆಂದು ಅವರಿಗೆ ಗೊತ್ತಿತ್ತು. ಇಲ್ಲಿ ಮೀರುವುದು ಯಂತ್ರ, ಅದೂ ಆಟಗಾರನ ಕೈ ಕೆಳಗೆ.

ಕಥೆಯೂ ಪಾರಾಗಲಿಲ್ಲ. ಸತ್ತ ಜೋಕರ್ ಈ ಆಟದಲ್ಲಿ ಬ್ಯಾಟ್‌ಮ್ಯಾನ್‌ನ ತಲೆಯೊಳಗಿದ್ದಾನೆ. ನೀವು ತಿರುಗಿದರೆ ಖಾಲಿಯಿದ್ದ ಮೂಲೆಯಲ್ಲಿ ಕೂತು ಗೇಲಿ ಮಾಡುತ್ತಾನೆ. ಕಣ್ಣನ್ನು ನಂಬಬೇಡ ಎನ್ನುವುದೇ ಆಟದ ಜೀವಾಳ. ಇದಕ್ಕೆ ಮಿಕ್ಕೆಲ್ಲವೂ ನಯವಾಗಿ ಓಡುತ್ತಿರಬೇಕು. ಮೊದಲ ದಿನಗಳ ವಿಡಿಯೋಗಳನ್ನು ಆಮೇಲೆ ನೋಡಿದೆ. ಪರದೆ ಗಕ್ಕನೆ ನಿಂತಾಗ ಕೆಟ್ಟದ್ದು ಬ್ಯಾಟ್‌ಮ್ಯಾನ್‌ನ ಮನಸ್ಸೋ ಕಂಪ್ಯೂಟರೋ ಹೇಳಲಾಗುತ್ತಿರಲಿಲ್ಲ. ಸ್ಟುಡಿಯೋ ವರ್ಷಗಟ್ಟಲೆ ಕೂತು ಕಟ್ಟಿದ ಭಯ ಅಲ್ಲಿ ಬರೀ ಕಿರಿಕಿರಿ.

ಸೆಕೆಂಡಿಗೆ 30 ಚಿತ್ರಗಳ ಮಿತಿಯನ್ನು ಪಿಸಿ ಆವೃತ್ತಿಯ ಒಂದು ಫೈಲಿನಲ್ಲಿ ಬರೆದಿಡಲಾಗಿತ್ತು. ಆಟಗಾರರು ಅದನ್ನು ಹುಡುಕಿ ತೆಗೆದು, ಅಂಕಿ ತಿದ್ದಿ, ಪರಸ್ಪರ ಹೇಳಿಕೊಟ್ಟರು. ಪೂರ್ತಿ ಬೆಲೆ ತೆತ್ತವರೇ ಕೂತು ಕರಡು ತಿದ್ದಿದರು. ವಿಮರ್ಶಕರು ಇದನ್ನೂ ‘ಸ್ವಲ್ಪ ತೊಂದರೆ’ಯ ಲೆಕ್ಕಕ್ಕೇ ಸೇರಿಸುತ್ತಾರೇನೋ.