ಪ್ರಶಸ್ತಿ ಕೊಡಿ, ಆದ್ರೆ ಪರೀಕ್ಷೆ ಪಾವಗಡದ ನೀರಲ್ಲಿ ಆಗ್ಲಿ

ಎಲೆಕ್ಟ್ರೋಕೆಮಿಸ್ಟ್ರಿ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಎರಡೇ: ಫಸ್ಟ್ ಇಯರ್ ಕೆಮಿಸ್ಟ್ರಿಯ ನರ್ನ್ಸ್ಟ್ ಸಮೀಕರಣ, ಆಮೇಲೆ ಇವಿ ಬ್ಯಾಟರಿ. ಮೊದಲನೆಯದು ಎಕ್ಸಾಮ್ ಮುಗಿದ ದಿನವೇ ತಲೆಯಿಂದ ಖಾಲಿ. ಎರಡನೆಯದಕ್ಕೆ 2019ರಲ್ಲಿ ನೊಬೆಲ್ ಕೂಡ ಬಂತು. ಇವೆರಡರ ಮಧ್ಯೆ ಇನ್ನೊಂದು ಎಲೆಕ್ಟ್ರೋಕೆಮಿಸ್ಟ್ರಿ ಇದೆ, ಅದು ಕುಡಿಯುವ ನೀರಿನದ್ದು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಜನಕ್ಕೆ ಬೇಕಾಗಿರೋದು ಅದೇ.

ಈ ವಿಷಯದಲ್ಲಿ ಪಿಎಚ್‌ಡಿ ಮಾಡುವವರನ್ನು ಗುರುತಿಸುವ ಪದ್ಧತಿ ಹಳೆಯದು. ಅಮೆರಿಕದಲ್ಲಿ 1902ರಲ್ಲಿ ಶುರುವಾದ ಎಲೆಕ್ಟ್ರೋಕೆಮಿಕಲ್ ಸೊಸೈಟಿ ಸಂಶೋಧನಾ ವಿದ್ಯಾರ್ಥಿಗಳಿಗೆ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಅದರಲ್ಲೊಂದು ಎಡ್ವರ್ಡ್ ವೆಸ್ಟನ್ ಹೆಸರಲ್ಲಿದೆ. ಅವರ ಕ್ಯಾಡ್ಮಿಯಂ ಸೆಲ್ ದಶಕಗಳ ಕಾಲ ಜಗತ್ತಿಗೇ ವೋಲ್ಟೇಜಿನ ಮಾನದಂಡವಾಗಿತ್ತು. ನಮ್ಮ ದೇಶದಲ್ಲೂ ಕಾರೈಕುಡಿಯಲ್ಲಿ ಸಿಎಸ್‌ಐಆರ್‌ನ ಒಂದು ಇಡೀ ಸಂಸ್ಥೆ ಇದಕ್ಕೇ ಮೀಸಲು. ಬೆಂಗಳೂರಿನ ಐಐಎಸ್ಸಿಯಲ್ಲೂ ಈ ಕೆಲಸ ನಡೀತಿದೆ. ಆದರೆ ಯಾರಿಗೆ ಪ್ರಶಸ್ತಿ ಅನ್ನೋ ಪ್ರಶ್ನೆ ಬಂದಾಗ ಸಾಮಾನ್ಯವಾಗಿ ನೋಡೋದು ಪೇಪರ್ ಎಷ್ಟು, ಯಾವ ಜರ್ನಲ್ಲು ಅಂತ. ಅದು ಇರಲಿ. ಅರ್ಜಿಯಲ್ಲಿ ಇನ್ನೊಂದು ಕಾಲಂ ಸೇರಿಸಿ ಅಂತ ನಾವು ಕೇಳ್ತಿದ್ದೀವಿ: ಯಾವ ಊರಿನ ನೀರಲ್ಲಿ ಪರೀಕ್ಷೆ ಮಾಡಿದಿರಿ?

ಯಾಕೆ ಅಂದ್ರೆ, ಈ ನಾಲ್ಕು ತಾಲ್ಲೂಕುಗಳ ಕೆಳಗಿರೋದು ಗ್ರಾನೈಟು, ನೈಸ್ ಬಂಡೆ. ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ನೀರು ಬಂಡೆಯ ಜೊತೆ ವರ್ಷಗಟ್ಟಲೆ ಕೂತಿರುತ್ತೆ, ಬಂಡೆಯಲ್ಲಿರೋ ಫ್ಲೋರೈಡ್ ಕರಗಿ ನೀರಿಗೆ ಸೇರುತ್ತೆ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಅನ್ನುತ್ತದೆ ನಮ್ಮ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಕುಡಿದೇ ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತೆ. ಮಟ್ಟ ಇನ್ನೂ ಜಾಸ್ತಿ ಇದ್ದು ಬಹಳ ವರ್ಷ ಕುಡಿದರೆ ಬೆನ್ನು, ಮಂಡಿ ಬಗ್ಗೋದೇ ಇಲ್ಲ. ಈಗ ಹಳ್ಳಿಹಳ್ಳಿಯಲ್ಲೂ ಶುದ್ಧ ನೀರಿನ ಘಟಕ ಇದೆ, ನಾಣ್ಯ ಹಾಕಿದ್ರೆ 20 ಲೀಟರ್ ಕ್ಯಾನ್ ತುಂಬುತ್ತೆ. ಒಳ್ಳೇದೇ. ಆದರೆ ಒಳಗಿರೋದು ಆರ್‌ಓ. ಅದು ಬೇಡ ಅಂತ ಹೊರಹಾಕುವ ನೀರಲ್ಲಿ ಫ್ಲೋರೈಡ್ ಇನ್ನೂ ದಟ್ಟವಾಗಿರುತ್ತೆ, ಅದು ಚರಂಡಿ ಹಿಡಿದು ಮತ್ತೆ ಅದೇ ನೆಲಕ್ಕೇ ಇಂಗುತ್ತೆ. ನೀರಿಲ್ಲದ ಸೀಮೆಯಲ್ಲಿ ನೀರು ಚೆಲ್ಲುವ ಮೆಷಿನ್!

ಎಲೆಕ್ಟ್ರೋಕೆಮಿಸ್ಟ್ರಿಯ ದಾರಿ ಬೇರೆ. ನೀರಲ್ಲಿ ಅಲ್ಯೂಮಿನಿಯಂ ಪ್ಲೇಟುಗಳನ್ನು ಇಳಿಬಿಟ್ಟು ಡಿಸಿ ಕರೆಂಟ್ ಹರಿಸಿದರೆ ಆನೋಡ್ ಕರಗಿ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಬಿಳಿ ಮುದ್ದೆ ಆಗುತ್ತೆ, ಫ್ಲೋರೈಡ್ ಅದಕ್ಕೆ ಅಂಟಿಕೊಳ್ಳುತ್ತೆ. ಸೋಸಿದರೆ ಆಯ್ತು. ಫ್ಯಾರಡೇ ಲೆಕ್ಕ ಹಾಕಿ ನೋಡಿ: ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಕರಗೋದು ಸುಮಾರು 0.34 ಗ್ರಾಂ. ಇನ್ನು ಡಿಸಿ ಎಲ್ಲಿಂದ? ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ರೈತರು ಗುತ್ತಿಗೆಗೆ ಕೊಟ್ಟ ಜಮೀನಲ್ಲಿ. ಆ ಬಿಸಿಲು ಯಾರಪ್ಪನ ಸೊತ್ತೂ ಅಲ್ಲ. ಪ್ಯಾನೆಲ್ ಕೊಡೋದೂ ಡಿಸಿಯೇ, ಪ್ಲೇಟಿಗೆ ಬೇಕಾಗಿರೋದೂ ಡಿಸಿಯೇ. ಘಟಕದ ಚಾವಣಿ ಮೇಲೆ ನಾಲ್ಕು ಪ್ಯಾನೆಲ್ ಹಾಕೋದು ದೊಡ್ಡ ಮಾತೇನಲ್ಲ.

ಹಾಗಾದ್ರೆ ಇದು ಯಾಕೆ ಎಲ್ಲ ಕಡೆ ಬಂದಿಲ್ಲ? ಐಡಿಯಾ ಹೊಸದಲ್ಲ. ನಾಗಪುರದ ನೀರಿ ಸಂಸ್ಥೆ ಸೋಲಾರಿನಿಂದ ನಡೆಯುವ ಇಂಥ ಘಟಕವನ್ನು ಹಳ್ಳಿಯಲ್ಲೇ ಮಾಡಿ ತೋರಿಸಿದೆ. ಪೇಪರ್‌ಗಳಂತೂ ಬೇಕಾದಷ್ಟು. ಆದರೆ ಬಹಳಷ್ಟು ಪೇಪರಿನ ನೀರು ಲ್ಯಾಬಿನಲ್ಲಿ ಮಾಡಿದ ನೀರು, ಅಂದ್ರೆ ಶುದ್ಧ ನೀರಿಗೆ ಅಳೆದು ಹಾಕಿದ ಸೋಡಿಯಂ ಫ್ಲೋರೈಡ್. ಬೋರ್‌ವೆಲ್ ನೀರು ಅಷ್ಟು ಸಾಧು ಅಲ್ಲ. ಅದರಲ್ಲಿ ಬೈಕಾರ್ಬನೇಟ್ ಇದೆ, ಸಿಲಿಕಾ ಇದೆ, ಕ್ಯಾಥೋಡಿನ ಮೇಲೆ ಪದರ ಕಟ್ಟುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದೆ. ಆನೋಡಿನ ಮೇಲೂ ಆಕ್ಸೈಡ್ ಪದರ ಕೂತು ಕರೆಂಟ್ ತಡೆಯುತ್ತೆ. ಮೂರು ತಿಂಗಳ ಮೇಲೆ ಪ್ಲೇಟ್ ಯಾರು ಉಜ್ಜಬೇಕು? ಉಳಿದ ಗಸಿ ಎಲ್ಲಿ ಹಾಕಬೇಕು? ನೀರಲ್ಲಿ ಅಲ್ಯೂಮಿನಿಯಂ ಎಷ್ಟು ಉಳಿಯಿತು? ಪಿಎಚ್‌ಡಿಗೆ ತಕ್ಕ ಪ್ರಶ್ನೆಗಳು ನಿಜವಾಗಿ ಇವೇ. ಗ್ರಾಫ್ ಚೆನ್ನಾಗಿ ಬರಲ್ಲ ಅಷ್ಟೇ.

ಅದಕ್ಕೇ ನಮ್ಮ ಸಲಹೆ: ಈ ವಿಷಯದಲ್ಲಿ ಕರ್ನಾಟಕದಲ್ಲಿ ಒಂದು ಬೇಸಿಗೆ ಪ್ರಶಸ್ತಿ ಇರಲಿ. ಫಲಕ, ಶಾಲು ಬೇಡ. ಏಪ್ರಿಲ್, ಮೇ ಎರಡು ತಿಂಗಳು, ನೀರು ಪಾತಾಳಕ್ಕೆ ಇಳಿದಿರುವ ಹೊತ್ತಲ್ಲಿ, ಪಿಎಚ್‌ಡಿ ವಿದ್ಯಾರ್ಥಿ ಈ ನಾಲ್ಕು ತಾಲ್ಲೂಕಲ್ಲಿ ಎಲ್ಲಾದರೂ ತನ್ನ ಸೆಲ್ ಕೂರಿಸಿ ಓಡಿಸಲಿ. ಬಾಡಿಗೆ, ಊಟ, ಪ್ಲೇಟು, ಫ್ಲೋರೈಡ್ ಎಲೆಕ್ಟ್ರೋಡು ಎಲ್ಲದರ ಖರ್ಚು ಪ್ರಶಸ್ತಿಯದ್ದು. ಐಐಎಸ್ಸಿಯ ಚಳ್ಳಕೆರೆ ಕ್ಯಾಂಪಸ್ ಪಾವಗಡದಿಂದ ದೂರವೇನಲ್ಲ. ಸೋತ ಪ್ರಯೋಗಕ್ಕೂ ದುಡ್ಡು ಸಿಗಬೇಕು, ಸೋತದ್ದನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದು ಪಂಚಾಯ್ತಿಗೆ ಕೊಡಬೇಕು ಅನ್ನೋ ಒಂದೇ ಷರತ್ತಿನ ಮೇಲೆ.

ತುಂಗಭದ್ರಾ ನೀರು ಪಾವಗಡಕ್ಕೆ ಬರೋ ಯೋಜನೆ ಇದೆಯಲ್ಲ, ಇನ್ನೇಕೆ ಇದು ಅಂತ ಕೆಲವರು ಕೇಳ್ತಾರೆ. ನದಿ ನೀರು ಬರಲಿ, ಸಂತೋಷ. ಆದ್ರೆ ಪೈಪ್ ಒಡೆದ ದಿನ, ಡ್ಯಾಂ ಒಣಗಿದ ವರ್ಷ ಊರು ಮತ್ತೆ ತಿರುಗೋದು ಅದೇ ಬೋರ್‌ವೆಲ್ ಕಡೆಗೆ. ತೋಟದ ಮನೆಗಳಿಗಂತೂ ಪೈಪ್ ಹೋಗೋದು ಕೊನೆಗೇ.

ಅಂಥ ಪ್ರಶಸ್ತಿ ಬಂದರೆ ಸ್ಯಾಂಪಲ್ ಹೊತ್ತು ತರೋ ಕೆಲಸ ಸೆಕೆಂಡ್ ಇಯರ್‌ನವರಾದ ನಮಗೆ ಬಿಡಿ. ಪ್ಲಾಸ್ಟಿಕ್ ಕ್ಯಾನೇ ತರ್ತೀವಿ, ಫ್ಲೋರೈಡ್ ಸ್ಯಾಂಪಲನ್ನು ಗಾಜಿನ ಬಾಟಲಿಯಲ್ಲಿ ಇಡಬಾರದು.